ನೂಲಿಲ್ಲದ ಸೂಜಿ

"ಅಂಗಡೀಲಿ ಏನು ಬೇಕಾದ್ರೂ ಮುಟ್ಟು. ಆ ಮೂಲೇಲಿ ತೂಗುಹಾಕಿರೋ ಶಾಲು ಮಾತ್ರ ಹೆಗಲಿಗೆ ಹಾಕ್ಕೋಬೇಡ."

ಓರಗಿತ್ತಿ ಹೀಗೆಂದಾಗ ಕಿರಿಸೊಸೆಗೆ ನಗು ತಡೆಯಲಾಗಲಿಲ್ಲ.

"ಯಾಕಕ್ಕಾ, ಕಚ್ಚುತ್ತಾ?"

"ಕಚ್ಚಲ್ಲ. ತಿನ್ನುತ್ತೆ."

ಕಿರಿಸೊಸೆ ಮದುವೆಯಾಗಿ ಆ ಮನೆಗೆ ಬಂದು ಇನ್ನೂ ಹೊಸತು. ಮೇಲೆ ಮನೆ, ಕೆಳಗೆ ರಫು ಅಂಗಡಿ. ಇಲಿ ಕಡಿದ ಶಾಲು, ಮೊಳೆಗೆ ಸಿಕ್ಕು ಹರಿದ ಕೋಟು, ಸಿಗರೇಟಿನ ಕಿಡಿ ಬಿದ್ದ ಪ್ಯಾಂಟು ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಅದೇ ಬಟ್ಟೆಯ ಒಳಅಂಚಿನಿಂದ ನೂಲು ಬಿಡಿಸಿ, ತೂತಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ನೇಯ್ದು, ಹರಿದಿತ್ತೆಂಬ ಗುರುತೇ ಸಿಗದಂತೆ ಮುಚ್ಚುವುದು ಆ ಮನೆಯ ಕಸುಬು. ಕೆಲಸ ಮುಗಿದ ಮೇಲೆ ಹೊಲಿದವಳೇ ಅದನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯ ಬೆಳಕಿನವರೆಗೆ ನಡೆಯಬೇಕು. ಮೇಜಿನ ಮೇಲೆ ಅಡಗುವ ತಪ್ಪು ಮೈಮೇಲೆ ಅಡಗುವುದಿಲ್ಲ ಎಂದು ಅತ್ತೆ ಹಾಕಿಕೊಟ್ಟ ಪದ್ಧತಿ.

ಆ ಅಂಗಡಿಯಲ್ಲಿ ಕಿಟಕಿ ಇದ್ದದ್ದು ಎರಡು. ಬೀದಿಯ ಕಡೆಯದು ಸದಾ ತೆರೆದಿರುತ್ತಿತ್ತು. ಹಿಂದಿನದಕ್ಕೆ ದಪ್ಪ ಕಂಬಳಿ ಹಾಕಿ ಮೊಳೆ ಬಡಿದಿದ್ದರು. ಆ ಕತ್ತಲ ಮೂಲೆಯಲ್ಲಿ ಹಾಡಹಗಲೇ ದೀಪ ಹಚ್ಚಿಕೊಂಡು, ಮಣಿಕಟ್ಟಿನವರೆಗೆ ರವಿಕೆಯ ತೋಳು ಇಳಿಸಿ, ತಲೆಯ ಮೇಲೆ ಬಟ್ಟೆ ಹೊದ್ದು ಓರಗಿತ್ತಿ ಕೂರುತ್ತಿದ್ದಳು. ನುಸಿಗುಳಿಗೆ, ಇಸ್ತ್ರಿಯ ಹಬೆ, ಹಳೆಯ ಉಣ್ಣೆ ಇವುಗಳ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಅಲ್ಲಿ ಸುಳಿಯುತ್ತಿತ್ತು. ಬಹಳ ದಿನ ಜ್ವರದಲ್ಲಿ ಮಲಗಿದವರ ಹಾಸಿಗೆಯ ವಾಸನೆ. ಅದು ಆ ಶಾಲಿನದು.

"ಸರಿಯಾಗಿ ಕೇಳಿಸ್ಕೋ," ಎಂದಳು ಓರಗಿತ್ತಿ. "ಅರ್ಧ ಹೇಳಿದಳು ಅಂತ ನಾಳೆ ನನ್ನನ್ನ ಅನ್ಬಾರದು. ಮನೆಗೆಲಸ ಮಾಡೋ ಒಬ್ಬಳು ಈ ಶಾಲು ತಂದಿದ್ದಳು. ಅವಳ ಹೆಣ್ಣುಮಗು ಕಾಯಿಲೆ ಬಿದ್ದಿತ್ತು, ಚಳಿ ಚಳಿ ಅಂತಿತ್ತಂತೆ. ಹೊದೆಸೋಕೆ ಇದ್ದದ್ದು ಇದೊಂದೇ. ಸಣ್ಣ ತೂತು, ಬೇಗ ಮುಚ್ಚಿಕೊಡಿ ಅಂದಳು. ಅದೇ ಹೊತ್ತಿಗೆ ಒಬ್ಬ ಕಂಟ್ರಾಕ್ಟರ್ ಹೆಂಡತಿ ಇದೇ ಬಣ್ಣದ ಶಾಲು ಕಳಿಸಿದ್ದಳು. ಅದರ ಅಂಚಲ್ಲಿ ನೂಲು ಸಾಲಲಿಲ್ಲ. ಅತ್ತೆ ಇದರ ನೂಲು ಕಿತ್ತು ಅದಕ್ಕೆ ಹಾಕಿದ್ರು."

"ಆಮೇಲೆ?"

"ಇವಳನ್ನ ನಾಳೆ ಬಾ, ನಾಡಿದ್ದು ಬಾ ಅಂತ ತಿರುಗಿಸಿದ್ರು. ಕೊನೆಗೆ ಕೈಗೆ ಕೊಟ್ಟಾಗ ನಡುವೆ ಅಂಗೈಯಗಲದ ಕಿಂಡಿ. ಅಷ್ಟರಲ್ಲಿ ಮಗು ಹೋಗಿಬಿಟ್ಟಿತ್ತು. ಅವಳು ಅಳಲಿಲ್ಲವಂತೆ. ಶಾಲು ಅತ್ತೆ ಹೆಗಲಿಗೆ ಹಾಕಿ, ಮಡಿಕೆ ಸರಿಮಾಡಿ, ಕಿವಿಯಲ್ಲಿ ಹೇಳಿದಳಂತೆ. 'ನನ್ನ ಮಗಳ ಮೈಮೇಲಿಂದ ಕಿತ್ತಿದ್ದೀಯ. ಇದು ನಿಮ್ಮ ಮೈಯಿಂದ ಕಿತ್ತು ತುಂಬಿಸಿಕೊಳ್ಳುತ್ತೆ. ಚರ್ಮ ಇದರದು. ಕೈಯ ಬಲ ಮಾತ್ರ ಬಿಡುತ್ತೆ. ಹೊಲೀಬೇಕಲ್ಲ.'"

ಓರಗಿತ್ತಿ ತಲೆಯ ಬಟ್ಟೆ ಸರಿಸಿದಳು. ರೆಪ್ಪೆಗಳು ಊದಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಬೆರಳ ಗೆಣ್ಣುಗಳ ಮೇಲೆ ಒಡೆದ ಕೆಂಪು ಗಂಟುಗಳು. "ಈಗ ನನ್ನನ್ನ ಹಿಡಿದಿದೆ. ನೋಡು."

ಕಿರಿಸೊಸೆ ಮದುವೆಗೆ ಮುಂಚೆ ಔಷಧಿ ಅಂಗಡಿಯ ಕೌಂಟರಿನಲ್ಲಿದ್ದವಳು. ಹುಣ್ಣು, ತುರಿಕೆ, ಗಜ್ಜಿ ಎಂದು ಬಂದವರ ಕೈಗಳನ್ನು ಎಷ್ಟು ನೋಡಿದ್ದಳೋ. ಓರಗಿತ್ತಿಯ ಬೆರಳು ಹಿಡಿದು ತಿರುಗಿಸಿ ನೋಡಿದಳು.

"ಅಯ್ಯೋ ಅಕ್ಕ, ಇದು ಸೋಪಿನ ಅಲರ್ಜಿ! ಒಂದು ಟ್ಯೂಬ್ ಮುಲಾಮಿಗೆ ಹೋಗೋದನ್ನ ದೆವ್ವ ಮಾಡಿ ಕೂರಿಸಿದ್ದೀರಲ್ಲ. ಒಳ್ಳೆ ಮನೆ!"

ಎದ್ದುಹೋಗಿ ಶಾಲಿನ ಮೇಲಿನ ಹಳೆಯ ಪಂಚೆಯನ್ನು ಎಳೆದಳು. ಧೂಳಿಗೆ ಸೀನು ಬಂತು.

"ಬೇಡ ಕಣೇ!" ಓರಗಿತ್ತಿ ಕಿರುಚಿದಳು. ಧ್ವನಿ ನಿಜವಾಗಿಯೂ ಒಡೆದಿತ್ತು, ಕಣ್ಣಲ್ಲಿ ನೀರಿತ್ತು. "ನಿನ್ನ ದಮ್ಮಯ್ಯ, ಬೇಡ!"

ಕಿರಿಸೊಸೆ ಶಾಲನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡಳು. ಕತ್ತು ಕೊಂಕಿಸಿ ಕಿಟಕಿಯವರೆಗೆ ನಡೆದಳು. "ಹೇಗಿದ್ದೀನಿ? ರಾಣಿ ಥರ ಇಲ್ವಾ?"

ಮೊದಲು ಅದಕ್ಕೆ ತೂಕವೇ ಇರಲಿಲ್ಲ. ಆಮೇಲೆ ಬಂತು. ಎರಡೂ ಹೆಗಲ ಮೇಲೆ ಯಾರೋ ಹಿಂದಿನಿಂದ ಅಂಗೈ ಊರಿದಷ್ಟು. ಹೊರಗೆ ಮೆಟ್ಟಿಲ ಮೇಲೆ ಬಿಸಿಲಿಗೆ ಮುಖವೊಡ್ಡಿ ಕೂತಿದ್ದ ಅತ್ತೆ ತಿರುಗಿ ನೋಡಿದಳು. ಆ ವಯಸ್ಸಿಗೆ ಸುಕ್ಕಿಲ್ಲದ, ನುಣ್ಣನೆಯ, ಹೊಳೆಯುವ ಮುಖ.

"ಚೆನ್ನಾಗಿ ಒಪ್ಪುತ್ತೆ ನಿನಗೆ," ಎಂದಳು. ಮತ್ತೆ ಬಿಸಿಲ ಕಡೆ ತಿರುಗಿದಳು.

*

ಮೊದಲು ರೆಪ್ಪೆಗಳು ಊದಿದವು.

"ಯಾರ ಹತ್ರ ಗುದ್ದಿಸಿಕೊಂಡು ಬಂದೆ?" ಎಂದು ಗಂಡ ತಮಾಷೆ ಮಾಡಿದ. ಕನ್ನಡಿಯಲ್ಲಿ ನೋಡಿದರೆ ಎರಡೂ ರೆಪ್ಪೆಯ ಮೇಲೆ ನಸುನೇರಳೆ ಬಣ್ಣ. ತಿಕ್ಕಿದಳು, ಹೋಗಲಿಲ್ಲ. ಆಮೇಲೆ ಗೆಣ್ಣುಗಳು. ಆಮೇಲೆ ಉಗುರಿನ ಬುಡದಲ್ಲಿ ಕೂದಲೆಳೆಯಂಥ ಕೆಂಪು ಗೆರೆಗಳು. ತನಗೆ ತಿಳಿದ ಮುಲಾಮುಗಳನ್ನೆಲ್ಲ ಹಚ್ಚಿದಳು. ಬೀದಿಗೆ ಕಾಲಿಟ್ಟರೆ ಬಿಸಿಲು ಕಾದ ಎಣ್ಣೆಯಂತೆ ಸಿಡಿಯುತ್ತಿತ್ತು. ಮೋಡದ ದಿನವೂ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸ್ನಾನಕ್ಕೆ ನಿಂತಾಗ ಬೆನ್ನು ಉರಿಯಿತು. ಕನ್ನಡಿಗೆ ಬೆನ್ನು ತಿರುಗಿಸಿ ಕತ್ತು ಹೊರಳಿಸಿದಳು. ಹೆಗಲುಗಳು, ಕತ್ತಿನ ಹಿಂಭಾಗ, ಬೆನ್ನಿನ ಮೇಲ್ಭಾಗ ಪೂರ್ತಿ ನೇರಳೆ. ಎಲ್ಲಿ ಶಾಲು ಕೂತಿತ್ತೋ ಅಲ್ಲಿ ಮಾತ್ರ. ಅಂಚು ಗೆರೆ ಎಳೆದ ಹಾಗಿತ್ತು.

ಅವಳು ಹೆದರಿ ಮೂಲೆ ಹಿಡಿಯುವ ಪೈಕಿಯಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು ಚರ್ಮದ ಡಾಕ್ಟರ ಹತ್ತಿರ ಹೋದಳು. ನಡುವಯಸ್ಸಿನ ಹೆಂಗಸು, ನಗುಮುಖ. ಆಕೆಯ ಕೋಣೆ ತಣ್ಣಗೆ ಕೊರೆಯುತ್ತಿತ್ತು. ಬೆರಳುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಬೆನ್ನು ನೋಡಿ, ಡಾಕ್ಟರು ಕುರ್ಚಿಯಿಂದ ಎದ್ದರು.

"ಕೈ ಮೇಲೆತ್ತಿ. ನಾನು ಕೆಳಗೆ ಒತ್ತುತ್ತೀನಿ, ಬಿಡಬೇಡಿ." ಒತ್ತಿದರು. ಜೋತುಬಿದ್ದರು. ಕೈ ಅಲುಗಲಿಲ್ಲ. "ಅಬ್ಬಾ, ನನ್ನನ್ನೇ ಕೆಡವಿಬಿಡ್ತೀರಲ್ಲಮ್ಮ! ಕೂತು ಏಳಿ. ಮೆಟ್ಟಿಲು ಹತ್ತೋದು ಕಷ್ಟ ಆಗುತ್ತಾ? ತಲೆ ಬಾಚೋದು?"

ಯಾವುದೂ ಕಷ್ಟವಿರಲಿಲ್ಲ. ರಕ್ತ ತೆಗೆದರು, ಹೆಗಲಿನಿಂದ ಕಾಳಿನಷ್ಟು ಚರ್ಮ ತೆಗೆದು ಕಳಿಸಿದರು. ಫಲಿತಾಂಶ ಬಂದ ದಿನ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು.

"ಇದಕ್ಕೆ ಡರ್ಮಟೊಮಯೊಸೈಟಿಸ್ ಅಂತಾರೆ. ನಮ್ಮನ್ನ ಕಾಯಬೇಕಾದ ಶಕ್ತಿ ತಪ್ಪು ತಿಳಿದು ನಮ್ಮ ಮೈಮೇಲೇ ಬೀಳುತ್ತೆ. ಸಾಮಾನ್ಯವಾಗಿ ಚರ್ಮದ ಜೊತೆ ಸ್ನಾಯುಗಳೂ ಸೋಲ್ತವೆ, ಕೈ ಎತ್ತೋಕೂ ಆಗಲ್ಲ. ನಿಮ್ಮದು ಬಹಳ ಅಪರೂಪ. ಚರ್ಮ ಮಾತ್ರ ಹಿಡಿದಿದೆ. ಸ್ನಾಯುಗಳನ್ನ ಮುಟ್ಟೇ ಇಲ್ಲ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ."

"ವಾಸಿ ಆಗುತ್ತಾ ಮೇಡಂ?"

"ಹತೋಟಿಗೆ ತರಬಹುದು. ಬಿಸಿಲಿಗೆ ಹೋಗ್ಬೇಡಿ, ಮಾತ್ರೆ ತಪ್ಪಿಸಬೇಡಿ. ಕೆಮ್ಮು, ಏದುಸಿರು ಬಂದರೆ ಆ ಕ್ಷಣ ಬನ್ನಿ. ಈ ಜಾತೀದು ಕೆಲವರಿಗೆ ಶ್ವಾಸಕೋಶಕ್ಕೆ ಇಳಿಯುತ್ತೆ. ಇಳಿದ್ರೆ ಬಹಳ ಬೇಗ."

ಹೆಸರು ಸಿಕ್ಕಿದ್ದೇ ಕಿರಿಸೊಸೆಗೆ ಅರ್ಧ ವಾಸಿಯಾದ ಹಾಗಾಯಿತು. ಹೆಸರಿರುವುದಕ್ಕೆ ಮಾತ್ರೆ ಇರುತ್ತದೆ ಎಂಬುದು ಕೌಂಟರಿನಲ್ಲಿ ಕಲಿತ ಪಾಠ. ದಾರಿಯುದ್ದಕ್ಕೂ ಓರಗಿತ್ತಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡು ಬಂದಳು. ಮನೆ ಹತ್ತಿರವಾದಾಗ ಡಾಕ್ಟರ ಒಂದು ಮಾತು ಆ ಮನೆಗೆಲಸದವಳ ಮಾತಿಗೆ ತಗುಲಿತು. ಸ್ನಾಯುಗಳನ್ನ ಮುಟ್ಟೇ ಇಲ್ಲ.

ಕೈಯ ಬಲ ಮಾತ್ರ ಬಿಡುತ್ತೆ.

ಬಿಸಿಲಿನಲ್ಲೂ ಅವಳಿಗೆ ಚಳಿ ಹತ್ತಿತು.

*

ಹಿಂದಿನ ಕಿಟಕಿಯ ಮೂಲೆ ಈಗ ಅವಳದಾಗಿತ್ತು. ಓರಗಿತ್ತಿ ಯಾವಾಗ ಬೀದಿ ಕಡೆಯ ಕಿಟಕಿಗೆ ಸರಿದಳೋ ಯಾರೂ ಹೇಳಲಿಲ್ಲ. ದೀಪ, ಕಂಬಳಿ, ಗಿಡ್ಡ ಮಣೆ, ಎಲ್ಲ ಇದ್ದಲ್ಲೇ ಇದ್ದವು.

ಒಂದು ಮಧ್ಯಾಹ್ನ ಮಾತ್ರೆಯ ಮಂಪರಿನಲ್ಲಿ ಕಣ್ಣು ಎಳೆಯುತ್ತಿತ್ತು. ಮನೆಯವರೆಲ್ಲ ಮೇಲೆ ಊಟಕ್ಕೆ ಹೋಗಿದ್ದರು. ಚುಕ್ ಎಂಬ ಸದ್ದಿಗೆ ಎಚ್ಚರವಾಯಿತು. ಬಿಗಿಯಾದ ಬಟ್ಟೆಗೆ ಸೂಜಿ ಇಳಿಯುವ ಸದ್ದು. ಮತ್ತೆ ಚುಕ್. ಹತ್ತಿರದಲ್ಲೇ. ತೊಡೆಯ ಮೇಲೇ.

ಶಾಲು ಅವಳ ಮಡಿಲಲ್ಲಿತ್ತು. ತೂಗುಹಾಕಿದ್ದಲ್ಲಿಂದ ಅವಳು ಅದನ್ನು ಇಳಿಸಿರಲಿಲ್ಲ. ಎಡಗೈ ಕಿಂಡಿಯನ್ನು ಬಿಗಿಯಾಗಿ ಹಿಡಿದಿತ್ತು. ಬಲಗೈ ಹೊಲಿಯುತ್ತಿತ್ತು. ಎಂದೂ ಅಷ್ಟು ಚೆನ್ನಾಗಿ ಹೊಲಿದವಳಲ್ಲ ಅವಳು. ಅಡ್ಡ ಒಂದು, ಉದ್ದ ಒಂದು. ಕಿಂಡಿ ತುಂಬುತ್ತಿತ್ತು. ಒದ್ದೆಯಾಗಿ ಮಿನುಗುವ ನೇರಳೆ ಎಳೆಗಳು. ದೀಪವನ್ನು ಹತ್ತಿರ ಎಳೆಯಬೇಕೆಂದುಕೊಂಡಳು. ಕೈ ಬಿಡುವು ಕೊಡಲಿಲ್ಲ. ಬಗ್ಗಿ ನೋಡಿದಳು.

ಸೂಜಿಯ ಕಣ್ಣು ಖಾಲಿ.

ನೂಲಿರಲಿಲ್ಲ.

ಸೂಜಿ ಇಳಿಯಿತು. ಹೆಗಲಲ್ಲಿ ಚುಚ್ಚಿತು. ಸೂಜಿ ಎದ್ದಿತು. ಹೆಗಲಿನಿಂದ ಏನೋ ಎಳೆದುಕೊಂಡು ಹೋಯಿತು. ತೆಳ್ಳಗೆ. ಉದ್ದಕ್ಕೆ. ನಿಲ್ಲಿಸು. ಕೈ ನಿಲ್ಲಲಿಲ್ಲ. ಬೆರಳು ಸಡಿಲಿಸು. ಸಡಿಲಲಿಲ್ಲ. ಕೂಗಬೇಕು. ಬಾಯೂ ತೆರೆಯಲಿಲ್ಲ. ಡಾಕ್ಟರು ಜೋತುಬಿದ್ದರೂ ಅಲುಗದ ಕೈ ಅದು. ಅವಳ ಮಾತನ್ನೂ ಕೇಳಲಿಲ್ಲ. ಅಡ್ಡ. ಉದ್ದ. ಚುಕ್. ಚುಕ್. ಜ್ವರದ ಹಾಸಿಗೆಯ ವಾಸನೆ ಮೂಗಿಗೆ ಅಡರಿತು. ಕಿಂಡಿ ಮುಚ್ಚಿತು. ಕೈ ತಾನಾಗಿ ಸತ್ತಂತೆ ಬಿತ್ತು.

ಉಸಿರು ಬಿಗಿಹಿಡಿದು ನೋಡಿದಳು. ಶಾಲಿನ ಇನ್ನೊಂದು ತುದಿಯಲ್ಲಿ ನೂಲುಗಳು ಒಂದೊಂದಾಗಿ ಅಗಲವಾಗುತ್ತಿದ್ದವು. ನಿದ್ದೆಯಿಂದ ಏಳುವವರ ಕಣ್ಣಿನಂತೆ, ಹೊಸ ಕಿಂಡಿಯೊಂದು ಮೆಲ್ಲಗೆ ತೆರೆಯುತ್ತಿತ್ತು.

ಆಗ ಅವಳು ಕೆಮ್ಮಿದಳು. ಒಣ ಕೆಮ್ಮು. ನಿಲ್ಲಲಿಲ್ಲ.

*

ಮೆಟ್ಟಿಲು ಹತ್ತಿ ಅಡುಗೆಮನೆಗೆ ಹೋಗುವಷ್ಟರಲ್ಲಿ ಏದುಸಿರು ಬಂದಿತ್ತು. ಓರಗಿತ್ತಿ ಬಿಸಿಲು ಬೀಳುವ ಕಿಟಕಿಯ ಬಳಿ ರವಿಕೆಯ ತೋಳು ಮಡಿಸಿಕೊಂಡು ಪಾತ್ರೆ ಒರೆಸುತ್ತಿದ್ದಳು. ಮೊಣಕೈಯವರೆಗೆ ಬೆಣ್ಣೆಯಂಥ ಚರ್ಮ. ಗೆಣ್ಣುಗಳು ನುಣುಪು. ಕಣ್ಣು ತಿಳಿ.

"ನಿಮಗೆ ವಾಸಿಯಾಗಿದೆ," ಎಂದಳು ಕಿರಿಸೊಸೆ.

"ಹೂಂ."

"ನನಗೆ ಬಂದ ಮೇಲೆ."

ಓರಗಿತ್ತಿ ಪಾತ್ರೆ ಕೆಳಗಿಟ್ಟಳು. "ನಾನು ಹೇಳಲಿಲ್ವಾ? ಕಾಲು ಹಿಡಿಯೋದೊಂದು ಬಾಕಿ. ನೀನು ನಕ್ಕೆ."

"ಇನ್ನೊಬ್ಬರು ಹಾಕ್ಕೊಂಡ್ರೆ ಮೊದಲಿನವರನ್ನ ಬಿಡುತ್ತೆ ಅಂತ ಹೇಳಲಿಲ್ಲ."

"ಅದೊಂದು ಹೇಳಲಿಲ್ಲ," ಎಂದು ಓರಗಿತ್ತಿ ಒಪ್ಪಿಕೊಂಡಳು. "ನನಗೂ ಯಾರೂ ಹೇಳಿರಲಿಲ್ಲ."

"ಸುಟ್ಟುಬಿಡ್ತೀನಿ ಅದನ್ನ."

"ಸುಡು. ನಾನು ಒಂದಂಚಿಗೆ ಬೆಂಕಿ ತೋರಿಸಿದೆ. ನನ್ನ ಬೆನ್ನು ಬೊಬ್ಬೆ ಎದ್ದಿತು. ಮಲಗಿರೋ ಗಂಡನ ಮೇಲೆ ಹೊದೆಸಿಯೂ ನೋಡಿದೆ. ಕದ್ದು ಹೊದೆಸಿದ್ರೆ ಹಿಡಿಯಲ್ಲ. ಹೇಳಬೇಕು. ಕೇಳಿಸಿಕೊಂಡು, ಇದೆಲ್ಲ ಸುಳ್ಳು ಅಂತ ತಾನಾಗಿ ಹಾಕ್ಕೋಬೇಕು. ನಂಬಿ ಹೆದರೋರನ್ನ ಅದು ಮುಟ್ಟಲ್ಲ. ಹೆದರೋರು ಅದನ್ನ ಮುಟ್ಟಲ್ವಲ್ಲ."

ಒಳಗಿನ ಕೋಣೆಯಿಂದ ಅತ್ತೆಯ ಧ್ವನಿ ಬಂತು, ಊಟ ಮುಗಿಸಿದ ತೃಪ್ತಿಯ ಧ್ವನಿ. "ಅದಕ್ಕೇ ಕಣೇ, ಸೊಸೆ ಹುಡುಕೋವಾಗ ನಾನು ಜಾತಕ ಕೇಳಲಿಲ್ಲ, ಒಡವೆ ಕೇಳಲಿಲ್ಲ. ಹುಡುಗಿ ಯಾವುದನ್ನೂ ನಂಬಲ್ಲ ಅಂದ್ರು. ಇವಳೇ ಆಗಲಿ ಅಂದೆ."

ಕಿರಿಸೊಸೆ ಗೋಡೆ ಹಿಡಿದು ನಿಂತಳು. ಎದೆಯೊಳಗೆ ಯಾರೋ ಒಣ ಎಲೆಗಳನ್ನು ತುಳಿದಂತೆ ಸದ್ದಾಗುತ್ತಿತ್ತು. ಓರಗಿತ್ತಿ ಹತ್ತಿರ ಬಂದು ಅವಳ ಬೆನ್ನು ಸವರಿದಳು. ಆ ಕೈ ಬೆಚ್ಚಗಿತ್ತು, ಅದೇ ಇನ್ನೂ ಅಸಹ್ಯವಾಯಿತು.

"ಅವತ್ತು ನಾನು ಬೇಡ ಅಂತ ಕಿರುಚಿದ್ದು ನಾಟಕ ಅಲ್ಲ," ಎಂದಳು ಓರಗಿತ್ತಿ ಸಣ್ಣಗೆ. "ನಿನ್ನ ಮುಖ ನೋಡಿ ಕರುಳು ಚುರುಕ್ ಅಂತು. ಆದರೆ ನಾನು ಕಿರುಚಿದಷ್ಟೂ ನಿನಗೆ ನಗು ಜಾಸ್ತಿ ಆಯ್ತು. ಯಾರನ್ನಾದ್ರೂ ಹುಡುಕ್ಕೋ. ಉಸಿರಿಗೆ ಇಳಿದಿದೆ. ತಡ ಮಾಡಬೇಡ."

*

ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ಡಾಕ್ಟರು ಮೂಲೆಮೂಲೆ ನೋಡಿದರು. ಆಮೇಲೆ ತಾವೇ ಫೋನು ಮಾಡಿ ಶ್ವಾಸಕೋಶದ ಡಾಕ್ಟರನ್ನು ಮಾತಾಡಿಸಿದರು, ಹಾಸಿಗೆ ಗೊತ್ತುಮಾಡಿದರು, ಔಷಧಿ ಬದಲಿಸಿ ಬರೆದರು. ಕಿರಿಸೊಸೆಯ ಒಡೆದ ಬೆರಳುಗಳನ್ನು ಅಂಗೈಯಲ್ಲಿಟ್ಟುಕೊಂಡು, "ನಾಳೆ ಬೆಳಿಗ್ಗೆ ಅಡ್ಮಿಟ್ ಆಗಿ. ನಾನಿದ್ದೀನಿ," ಎಂದರು. ಆ ಮನೆಗೆ ಬಂದಾಗಿನಿಂದ ಅವಳೊಂದಿಗೆ ಯಾರೂ ಹಾಗೆ ಮಾತಾಡಿರಲಿಲ್ಲ.

ಅವಳ ಕಾಲ ಬಳಿ ಚೀಲವಿತ್ತು. ಚೀಲದೊಳಗೆ ಶಾಲಿತ್ತು. ಅವಳು ಅದನ್ನು ಸುಮ್ಮನೆ ತಂದಿರಲಿಲ್ಲ. ಜಗತ್ತಿನಲ್ಲಿ ಇದನ್ನು ಕೇಳಿ ಖಂಡಿತ ನಗುವವರು ಯಾರು ಎಂದು ರಾತ್ರಿಯಿಡೀ ಯೋಚಿಸಿ ತಂದಿದ್ದಳು.

ಕೆಮ್ಮುತ್ತ ಕೆಮ್ಮುತ್ತ ಎಲ್ಲವನ್ನೂ ಹೇಳಿದಳು. ಮನೆಗೆಲಸದವಳು, ಅವಳ ಮಗಳು, ಕಿತ್ತ ನೂಲು, ಅತ್ತೆ, ಓರಗಿತ್ತಿ, ಖಾಲಿ ಸೂಜಿ. ಒಂದು ಮಾತು ಬಿಟ್ಟಳು. ಓರಗಿತ್ತಿ ತನಗೆ ಹೇಳದೆ ಬಿಟ್ಟದ್ದೂ ಅದನ್ನೇ.

ಡಾಕ್ಟರು ಗೇಲಿ ಮಾಡಲಿಲ್ಲ. ಪೂರ್ತಿ ಕೇಳಿ ಮೆಲ್ಲಗೆ ನಕ್ಕರು. ಮಗುವಿನ ಕನಸನ್ನು ಕೇಳಿದ ತಾಯಿಯ ಹಾಗೆ.

"ಇದನ್ನ ಎದೆಯಲ್ಲಿಟ್ಟುಕೊಂಡು ಒಬ್ಬರೇ ಒದ್ದಾಡಿದ್ರಾ? ಎಲ್ಲಿ, ಕೊಡಿ ನೋಡೋಣ."

ಚೀಲದತ್ತ ಕೈ ಚಾಚಿದರು. ಆ ಕೈ ನೋಡಿದಳು ಕಿರಿಸೊಸೆ. ಶುಭ್ರ, ಬಿಳಿಯ, ಎಷ್ಟೋ ಜನರ ಹುಣ್ಣು ತೊಳೆದ ಕೈ.

"ಬೇಡ ಮೇಡಂ!" ಚೀಲವನ್ನು ಹಿಂದಕ್ಕೆಳೆದಳು. "ನಾನು ಕೆಟ್ಟವಳು. ಬೇಕೂಂತಲೇ ತಂದೆ. ಮುಟ್ಟಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ನಿಜವಾಗಿ ಅಳುತ್ತಿದ್ದಳು. ಓರಗಿತ್ತಿ ಅತ್ತಷ್ಟೇ ನಿಜವಾಗಿ.

"ನೋಡಮ್ಮ, ಈ ಭಯ ಬಿಡಿಸದೆ ನನ್ನ ಮಾತ್ರೆ ಕೆಲಸ ಮಾಡಲ್ಲ," ಎಂದು ಡಾಕ್ಟರು ಚೀಲವನ್ನು ಮೃದುವಾಗಿ ಬಿಡಿಸಿಕೊಂಡರು. ಶಾಲನ್ನು ಬಿಡಿಸಿದರು. ಬಿಳಿ ಕೋಟಿನ ಮೇಲೆ, ಎರಡೂ ಹೆಗಲಿಗೆ, ನೀಟಾಗಿ ಹೊದ್ದುಕೊಂಡರು. "ಈ ಏಸಿಗೆ ಇದೇ ಬೇಕಿತ್ತು. ಏನಾಯ್ತು ಈಗ? ಏನೂ ಇಲ್ಲ. ಇದು ನನ್ನ ಹತ್ರಾನೇ ಇರಲಿ. ನೀವು ಹಗುರಾಗಿ ಹೋಗಿ."

ಹಾಗೆ ಹೇಳುತ್ತ ಒಮ್ಮೆ ಹೆಗಲು ಕೊಡವಿದರು. ಯಾರೋ ಹಿಂದಿನಿಂದ ಅಂಗೈ ಊರಿದ ಹಾಗೆ.

ಕಿರಿಸೊಸೆ ಆಳವಾಗಿ ಉಸಿರೆಳೆದುಕೊಂಡಳು. ಉಸಿರು ಕೊನೆಯವರೆಗೂ ಇಳಿಯಿತು.

*

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವಳು ಗಂಡನ ಮನೆಗೆ ಹೋಗಲಿಲ್ಲ. ಹಳೆಯ ಔಷಧಿ ಅಂಗಡಿಯವರನ್ನು ಕೇಳಿ ಮತ್ತೆ ಕೌಂಟರಿಗೆ ನಿಂತಳು, ಅದರ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಕೂತಳು. ರೆಪ್ಪೆಯ ಬಣ್ಣ ತಿಳಿಯಾಯಿತು, ಗೆಣ್ಣುಗಳು ಆರಿದವು. ಮತ್ತೆ ಡಾಕ್ಟರಿಗೆ ಮುಖ ತೋರಿಸುವ ಧೈರ್ಯ ಮಾತ್ರ ಬರಲಿಲ್ಲ. ಮಾತ್ರೆ ಮುಗಿದು, ಹೋಗದೆ ವಿಧಿಯಿಲ್ಲದಾದಾಗ ಕಾಲೆಳೆದುಕೊಂಡು ಹೋದಳು.

ಬಾಗಿಲು ತಳ್ಳಿ ತಲೆ ತಗ್ಗಿಸಿಯೇ ಕೂತಳು. ಮೊದಲು ಮೇಜಿನ ಮೇಲಿನ ಕೈ ಕಂಡಿತು. ಬಿಳಿ. ನುಣುಪು. ಮೆಲ್ಲಗೆ ಕಣ್ಣೆತ್ತಿದಳು. ಡಾಕ್ಟರ ರೆಪ್ಪೆಗಳು ತಿಳಿಯಾಗಿದ್ದವು. ಮುಖ ಹಿಂದಿಗಿಂತ ಹೊಳೆಯುತ್ತಿತ್ತು.

"ಏನಮ್ಮ, ದೆವ್ವ ನೋಡಿದ ಹಾಗೆ ನೋಡ್ತೀರಿ?"

"ನಿಮಗೆ... ನಿಮಗೆ ಏನೂ ಆಗಲಿಲ್ವಾ ಮೇಡಂ?"

"ಏನಾಗಬೇಕಿತ್ತು?" ಡಾಕ್ಟರು ನಕ್ಕರು.

ಕಿರಿಸೊಸೆಯೂ ನಕ್ಕಳು. ಎಷ್ಟೋ ಕಾಲದ ಮೇಲೆ ಬಂದ ನಗು, ಕಣ್ಣೀರು ಬರುವಷ್ಟು. ಹಾಗಾದರೆ ಎಲ್ಲ ಸುಳ್ಳು. ಖಾಲಿ ಸೂಜಿ ಮಾತ್ರೆಯ ಮಂಪರು. ಅತ್ತೆ ಒಬ್ಬಳು ಕ್ರೂರಿ ಮುದುಕಿ, ಅಷ್ಟೆ. ತನ್ನನ್ನು ಬದುಕಿಸಿದ್ದು ಈ ಕೈ ಬರೆದ ಔಷಧಿ. ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳಬೇಕೆನಿಸಿತು.

"ನಡುವೆ ನನಗೂ ರೆಪ್ಪೆ ಒಂಚೂರು ಊದಿತ್ತು ಅನ್ನಿ," ಎಂದರು ಡಾಕ್ಟರು, ರಕ್ತದ ವರದಿಯ ಮೇಲೆ ಕಣ್ಣಾಡಿಸುತ್ತ. "ಉಣ್ಣೆ ನನಗೆ ಆಗಿಬರಲ್ಲ. ಅಷ್ಟರಲ್ಲಿ ಮಗಳು ರಜೆಗೆ ಬಂದಳು. ನಿಮ್ಮ ಕತೇನ ಪೂರ್ತಿ ಹೇಳಿದೆ. ಎಷ್ಟು ನಕ್ಕಳು ಅಂತೀರಿ! ನಂಗೇ ಬೇಕು ಅಂತ ಹಾಕ್ಕೊಂಡೇ ಹಾಸ್ಟೆಲಿಗೆ ಹೋದಳು. ನನ್ನ ಊತ ಇಳೀತು."

ಕಿರಿಸೊಸೆಯ ಮುಖದ ಮೇಲೆ ನಗು ಇನ್ನೂ ಇತ್ತು. ತೆಗೆಯುವುದು ಹೇಗೆಂದು ಅವಳಿಗೆ ತೋಚಲಿಲ್ಲ.

"ಈಗ ನನ್ನನ್ನ ಹೆದರಿಸೋ ಆಟ ಶುರುಮಾಡಿದ್ದಾಳೆ ಪೋರಿ. 'ಅಮ್ಮಾ, ಕಣ್ಣು ನೇರಳೆ ಆಗಿದೆ. ಅಮ್ಮಾ, ಮಧ್ಯಾಹ್ನ ಕೂತು ಹೊಲೀತೀನಿ.' ಗುಂಡಿ ಹಾಕೋಕೂ ಬಾರದವಳು! ನಿನ್ನೆ ಫೋನಲ್ಲಿ ಸುಳ್ಳುಸುಳ್ಳೇ ಕೆಮ್ಮಿದಳು ಬೇರೆ. ನಾಟಕ ಸಾಕು, ಓದ್ಕೋ ಅಂತ ಇಟ್ಟುಬಿಟ್ಟೆ." ಪೆನ್ನಿನ ಮುಚ್ಚಳ ತೆಗೆದರು. "ನಿಮ್ಮ ವರದಿ ಬಹಳ ಚೆನ್ನಾಗಿದೆ. ಒಂದು ಮಾತ್ರೆ ಕಡಿಮೆ ಮಾಡ್ತೀನಿ."

ಈಗ ಹೇಳಿದರೆ ಇವರು ನಂಬುವುದಿಲ್ಲ. ನಂಬಿದರೆ ಮಗಳನ್ನು ಬಿಡಿಸುವುದು ಹೇಗೆಂದು ಕೇಳುತ್ತಾರೆ. ಅದಕ್ಕಿರುವ ಒಂದೇ ಉತ್ತರವನ್ನು ಇವರ ಮುಖ ನೋಡಿ ಹೇಳಬೇಕು. ಆಮೇಲೆ ಈ ಕೈ ತನ್ನ ಕೈಯನ್ನು ಎಂದೂ ಹಿಡಿಯುವುದಿಲ್ಲ.

"ಯಾಕಮ್ಮ, ಮುಖ ಹಾಗಾಯ್ತು? ಏನಾದ್ರೂ ಹೇಳಬೇಕಿತ್ತಾ?"

ಕಿರಿಸೊಸೆ ಒಮ್ಮೆ ಉಸಿರೆಳೆದು ನೋಡಿಕೊಂಡಳು. ಸರಾಗವಾಗಿತ್ತು.

"ಏನಿಲ್ಲ ಮೇಡಂ," ಎಂದಳು. "ಈ ಮಾತ್ರೆ ಊಟಕ್ಕೆ ಮುಂಚೆಯೋ, ಆದ್ಮೇಲೋ?"